‘ಬಿದಿರು ಬಟ್ಟೆ’ಯೂ ಎರಡು ನದಿಗಳೂ

ಜವಳಿ ಅಂಗಡಿಗಳಲ್ಲಿ ಈಚಿನ ವರ್ಷಗಳಲ್ಲಿ ‘ಪರಿಸರ ಸ್ನೇಹಿ’ ಎಂಬ ಗುಣವಾಚಕವೊಂದು ಬಟ್ಟೆಗೆ ಅಂಟಿಕೊಂಡಿದೆ. ಹಿಂದೆ ಬಟ್ಟೆ ಕೊಳ್ಳಲು ಹೋದವರು ಬಣ್ಣ ಬಿಡುತ್ತದೆಯೇ, ಒಗೆದರೆ ಕುಗ್ಗುತ್ತದೆಯೇ, ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳುತ್ತಿದ್ದರು. ಈ ಮೂರಕ್ಕೂ ಸರಿಯಾದ ಉತ್ತರ ಕೊಡಲಾಗದ ಬಟ್ಟೆಗಳೇ ಇಂದು ತಮ್ಮ ಸದ್ಗುಣಗಳ ಬಗ್ಗೆ ಉದ್ದುದ್ದ ಮಾತನಾಡುತ್ತಿವೆ. ಕಾಲುಚೀಲದ ಪೊಟ್ಟಣದ ಮೇಲೆ ಬಿದಿರಿನ ಚಿತ್ರ, ಬನಿಯನ್ನಿನ ಡಬ್ಬದ ಮೇಲೆ ಹಸಿರು ಎಲೆ, ಕೂಸಿನ ಹೊದಿಕೆಯ ಮೇಲೆ ಪ್ರಕೃತಿಯ ಮಡಿಲಿನಿಂದ ನೇರವಾಗಿ ಬಂದಂತೆ ಒಂದು ಒಕ್ಕಣೆ. ಇವೆಲ್ಲವನ್ನೂ ‘ಸುಸ್ಥಿರ ಫ್ಯಾಷನ್’ ಎಂಬ ದೊಡ್ಡ ಹೆಸರಿನ ನೆರಳಿನಲ್ಲಿ ಕೂರಿಸಲಾಗಿದೆ.

ಕತೆ ಬರೆಯುವ ನಮ್ಮಂಥವರಿಗೆ ಗುಣವಾಚಕಗಳ ಮೇಲೆ ಮೊದಲಿನಿಂದಲೂ ಒಂದು ಗುಮಾನಿ. ಪಾತ್ರವೊಂದನ್ನು ‘ಒಳ್ಳೆಯವನು’ ಎಂದು ಬರೆದುಬಿಟ್ಟರೆ ಅವನು ಏನು ಮಾಡಿದ ಎಂದು ತೋರಿಸುವ ಹೊಣೆಯಿಂದ ಲೇಖಕ ಸುಲಭವಾಗಿ ಜಾರಿಕೊಳ್ಳಬಹುದು. ‘ಪರಿಸರ ಸ್ನೇಹಿ’ ಎಂಬ ಪದವೂ ಅಂಥದೇ ಕೆಲಸ ಮಾಡುತ್ತಿದೆಯೇನೋ ಎಂಬ ಅನುಮಾನದಿಂದ ನಾವು ಇಲ್ಲಿ ಒಂದೇ ಒಂದು ಬಟ್ಟೆಯನ್ನು ಕೈಗೆತ್ತಿಕೊಂಡಿದ್ದೇವೆ. ಅದು ‘ಬಿದಿರು ಬಟ್ಟೆ’. ಹಸಿರು ಬಟ್ಟೆಗಳ ಪೈಕಿ ಇದರಷ್ಟು ಅಮಾಯಕ ಮುಖದ್ದು ಇನ್ನೊಂದಿಲ್ಲ. ಬಿದಿರಿಗೆ ಕೀಟನಾಶಕ ಹೊಡೆಯುವ ಪ್ರಮೇಯವಿಲ್ಲ, ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ. ಇದೆಲ್ಲ ನಿಜವೇ. ಆದರೆ ಈ ಬಟ್ಟೆಗೆ ಒಂದು ಪೂರ್ವಾಶ್ರಮವಿದೆ. ಅದು ದಕ್ಷಿಣ ಭಾರತದ ಎರಡು ನದಿಗಳ ದಂಡೆಯ ಜನರಿಗೆ ಚೆನ್ನಾಗಿ ಗೊತ್ತು.

ಮೊದಲು ಬಿದಿರು ಬಟ್ಟೆಯಾಗುವುದು ಹೇಗೆ ಎಂದು ನೋಡೋಣ. ಬಿದಿರನ್ನು ಸೀಳಿ ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರನ್ನು ಕೇಳಿದರೆ ಅದು ಎಷ್ಟು ಬಿರುಸಿನ ವಸ್ತು ಎಂದು ತಮ್ಮ ಬೆರಳುಗಳನ್ನೇ ತೋರಿಸಿ ಹೇಳಿಯಾರು. ಅಂಥ ಗಳ ಬೆಣ್ಣೆಯಂಥ ಬನಿಯನ್ ಆಗಬೇಕಾದರೆ ಅದು ತನ್ನ ಬಿದಿರುತನವನ್ನೆಲ್ಲ ಕಳೆದುಕೊಳ್ಳಬೇಕು. ಗಳವನ್ನು ಚಕ್ಕೆ ಮಾಡಿ, ರಾಸಾಯನಿಕಗಳಲ್ಲಿ ಬೇಯಿಸಿ, ಬಿಳಿಯ ತಿರುಳು ತೆಗೆಯುತ್ತಾರೆ. ಆ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಹಿಂಡಿ, ಪುಡಿಮಾಡಿ ಕಾರ್ಬನ್ ಡೈಸಲ್ಫೈಡ್ ಎಂಬ ವಿಷವಸ್ತುವಿನೊಂದಿಗೆ ಬೆರೆಸುತ್ತಾರೆ. ಪುಡಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಮತ್ತೆ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿದರೆ ಜೇನಿನಂತೆ ಅಂಟಂಟಾಗಿ ಹರಿಯುವ ದ್ರವ ಸಿಗುತ್ತದೆ. ಆ ಅಂಟುತನದಿಂದಲೇ ಅದಕ್ಕೆ ವಿಸ್ಕೋಸ್ ಎಂಬ ಹೆಸರು. ಈ ದ್ರವವನ್ನು ಸೂಕ್ಷ್ಮ ತೂತುಗಳ ಬಿಲ್ಲೆಯ ಮೂಲಕ, ಹಬ್ಬಕ್ಕೆ ಶಾವಿಗೆ ಒತ್ತುವ ಹಾಗೆ, ಗಂಧಕಾಮ್ಲದ ತೊಟ್ಟಿಯೊಳಕ್ಕೆ ಒತ್ತುತ್ತಾರೆ. ಆಮ್ಲ ತಗುಲಿದೊಡನೆ ಎಳೆ ಗಟ್ಟಿಯಾಗುತ್ತದೆ. ಜೊತೆಗೆ ಕಾರ್ಬನ್ ಡೈಸಲ್ಫೈಡ್ ಆವಿಯೂ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಅನಿಲವೂ ಹೊರಬೀಳುತ್ತವೆ.

ಇಷ್ಟೆಲ್ಲ ಆದಮೇಲೆ ಕೈಗೆ ಬರುವ ಎಳೆ ಬರೀ ಸೆಲ್ಯುಲೋಸ್. ಮೂಲದಲ್ಲಿ ಅದು ಬಿದಿರಾಗಿತ್ತೋ, ನೀಲಗಿರಿ ಮರವಾಗಿತ್ತೋ ಬಟ್ಟೆ ಮುಟ್ಟಿ ಹೇಳಲಾಗದು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡ್ಲ್ ಎಂಬ ಮೂವರು ರಸಾಯನ ವಿಜ್ಞಾನಿಗಳು ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಇಲ್ಲಿಯವರೆಗೆ ಯಂತ್ರಗಳು ಬದಲಾಗಿವೆ, ಮೂಲ ವಿಧಾನ ಬಹುಮಟ್ಟಿಗೆ ಅದೇ. ಬದಲಾದದ್ದು ಹೆಸರು. ಮೊದಲು ಜಗತ್ತು ಇದನ್ನು ಕೃತಕ ರೇಷ್ಮೆ ಎಂದು ಕರೆಯಿತು. ನಮ್ಮ ಕಡೆಯ ಅಂಗಡಿಗಳಲ್ಲಿ ಅದು ‘ಆರ್ಟ್ ಸಿಲ್ಕ್’, ಉರ್ದುವಿನಲ್ಲಿ ‘ಮಸ್ನೂಯಿ ರೇಶಮ್’. 1924ರಲ್ಲಿ ಅಮೆರಿಕದ ವ್ಯಾಪಾರಿಗಳು ಅದಕ್ಕೆ ‘ರೇಯಾನ್’ ಎಂಬ ಹೊಳೆಯುವ ಹೆಸರಿಟ್ಟರು. ಈಗ ಅದೇ ಎಳೆ ‘ಬಿದಿರು’. ಹಳೆಯ ಹೆಸರು ತಾನು ನಕಲಿ ಎಂದು ಕಬೂಲು ಮಾಡುತ್ತಿತ್ತು. ಹೊಸ ಹೆಸರು ನಡುವಿನ ಕಾರ್ಖಾನೆಯನ್ನೇ ಅಳಿಸಿಹಾಕಿ ಕಾಡನ್ನೂ ಕೊಳ್ಳುವವರ ಮೈಯನ್ನೂ ನೇರವಾಗಿ ಜೋಡಿಸುತ್ತದೆ.

ಇದು ನಮ್ಮ ಹೊಟ್ಟೆಕಿಚ್ಚಿನ ಮಾತಲ್ಲ. ಅಮೆರಿಕದ ವ್ಯಾಪಾರ ಆಯೋಗ 2009ರಲ್ಲಿಯೇ ನಾಲ್ಕು ಕಂಪನಿಗಳ ಮೇಲೆ ಇದೇ ತಕರಾರು ತೆಗೆಯಿತು. ಬಿದಿರಿನಿಂದ ತೆಗೆದ ರೇಯಾನನ್ನು ‘ರೇಯಾನ್’ ಎಂದೇ ಕರೆಯಬೇಕು, ಬಿದಿರು ಎಂದು ಮಾರುವುದು ಗ್ರಾಹಕರಿಗೆ ಮಾಡುವ ಮೋಸ ಎಂಬುದು ಅದರ ನಿಲುವು. 2013ರಲ್ಲಿ ಅಮೆಜಾನ್, ಮೇಸೀಸ್, ಸಿಯರ್ಸ್ ಮುಂತಾದ ಭಾರಿ ಕುಳಗಳು ಒಟ್ಟು 12.6 ಲಕ್ಷ ಡಾಲರ್ ತೆತ್ತವು. 2022ರಲ್ಲಿ ವಾಲ್‌ಮಾರ್ಟ್ 30 ಲಕ್ಷ ಡಾಲರನ್ನೂ ಕೋಲ್ಸ್ 25 ಲಕ್ಷ ಡಾಲರನ್ನೂ ತೆರಬೇಕಾಯಿತು. ಹದಿಮೂರು ವರ್ಷ ಎಚ್ಚರಿಸಿದ ಮೇಲೂ ಅದೇ ಸುಳ್ಳು ಮುಂದುವರಿಯಿತೆಂದರೆ ಆ ಒಂದು ಪದಕ್ಕೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆಯಿದೆ ಎಂದು ಓದುಗರೇ ಲೆಕ್ಕ ಹಾಕಬಹುದು.

ಹೆಸರಿನ ಮಾತು ಬಂದದ್ದರಿಂದ ನಮ್ಮ ಮನೆಯೊಳಗಿನ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಮುಸ್ಲಿಂ ಗಂಡಸರು ಶುದ್ಧ ರೇಷ್ಮೆ ತೊಡುವಂತಿಲ್ಲ. ಈ ನಿಯಮಕ್ಕೆ ನೇಕಾರರು ಕಂಡುಕೊಂಡ ದಾರಿ ‘ಮಶ್ರೂ’. ರೇಷ್ಮೆಯ ಹಾಸು, ಹತ್ತಿಯ ಹೊಕ್ಕು. ಮಿರುಗುವ ರೇಷ್ಮೆ ಹೊರಗೆ, ಮೈಗೆ ತಾಗುವ ಹತ್ತಿ ಒಳಗೆ. ಗುಜರಾತಿನ ಪಾಟಣದಲ್ಲಿ ಅದರ ನೇಯ್ಗೆ ಬಹುಕಾಲದಿಂದ ನಡೆದು ಬಂದಿದೆ. ಅರಬಿಯಲ್ಲಿ ಆ ಪದಕ್ಕೆ ‘ಅನುಮತಿ ಇರುವಂಥದು’ ಎಂದರ್ಥ. ಮುಂದೆ ಕೃತಕ ರೇಷ್ಮೆ ಬಂದಾಗ ಅದನ್ನು ಉಡಬಹುದೇ ಎಂಬ ಪ್ರಶ್ನೆ ಎದ್ದಿತು. ಅದು ಹುಳು ನೂತ ರೇಷ್ಮೆಯಲ್ಲ, ಆದ್ದರಿಂದ ಅಡ್ಡಿಯಿಲ್ಲ ಎಂದು ಉಲಮಾಗಳು ಸಾಮಾನ್ಯವಾಗಿ ಉತ್ತರ ಕೊಟ್ಟರು. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವೇ ಆಗಿತ್ತು. ಆದರೆ ಹುಳುವಿನ ಬಗ್ಗೆ ಅಷ್ಟು ಸೂಕ್ಷ್ಮವಾಗಿ ವಿಚಾರಿಸಿದ ನಾವು ಆ ಎಳೆ ನೂತ ಮನುಷ್ಯರ ಬಗ್ಗೆ, ಅದನ್ನು ತೊಳೆದ ನೀರಿನ ಬಗ್ಗೆ ಪ್ರಶ್ನೆ ಕೇಳಲೇ ಇಲ್ಲ. ಇಸ್ರಾಫ್, ಅಂದರೆ ದುಂದುಗಾರಿಕೆ, ಸಲ್ಲದು ಎಂದು ಶುಕ್ರವಾರದ ಪ್ರವಚನಗಳಲ್ಲಿ ಕೇಳುತ್ತ ಬೆಳೆದವರು ನಾವು. ಆ ಮಾತು ಮದುವೆಯ ಊಟದ ತಟ್ಟೆಯ ಬಳಿ ಬಂದು ನಿಂತುಬಿಟ್ಟಿದೆ, ಬಟ್ಟೆಯ ಬೀರುವಿನವರೆಗೆ ನಡೆದಿಲ್ಲ.

ಆ ಎಳೆ ನೂತವರ ಕತೆಯನ್ನು ಒಬ್ಬ ವೈದ್ಯರು ಬರೆದಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪಾಲ್ ಡೇವಿಡ್ ಬ್ಲ್ಯಾಂಕ್ ಅವರ ‘ಫೇಕ್ ಸಿಲ್ಕ್’ 2016ರಲ್ಲಿ ಪ್ರಕಟವಾಯಿತು. ಬಟ್ಟೆಯ ಬಗೆಗಿನ ಪುಸ್ತಕಗಳೆಂದರೆ ವಿನ್ಯಾಸಕಾರರ, ರೂಪದರ್ಶಿಗಳ ಚಿತ್ರ ತುಂಬಿದ ಭಾರದ ಸಂಪುಟಗಳು ಎಂದುಕೊಂಡವರು ಇದನ್ನು ಓದಬೇಕು. ಇಲ್ಲಿ ಬರುವವರು ಆಸ್ಪತ್ರೆಗೆ, ಹುಚ್ಚಾಸ್ಪತ್ರೆಗೆ ಸೇರಿದ ಕೂಲಿಗಳು. ಕಾರ್ಬನ್ ಡೈಸಲ್ಫೈಡಿನ ಹಾನಿಯನ್ನು ಫ್ರಾನ್ಸಿನ ವೈದ್ಯ ಡೆಲ್ಪೆಕ್ 1850ರ ದಶಕದಲ್ಲಿಯೇ, ವಿಸ್ಕೋಸ್ ಹುಟ್ಟುವ ಮೊದಲೇ, ರಬ್ಬರ್ ಕೆಲಸಗಾರರಲ್ಲಿ ಕಂಡು ಬರೆದಿದ್ದರು. ಆ ಆವಿ ಕುಡಿದವರು ಮತಿಭ್ರಮಣೆಗೆ ಒಳಗಾಗುತ್ತಿದ್ದರು. ಕೆಲಸಗಾರರು ಉನ್ಮಾದದಲ್ಲಿ ಹೊರಗೆ ಹಾರಿಕೊಳ್ಳದಿರಲೆಂದು ರಬ್ಬರ್ ಕಾರ್ಖಾನೆಯ ಕಿಟಕಿಗಳಿಗೆ ಕಬ್ಬಿಣದ ಸರಳು ಹಾಕುತ್ತಿದ್ದರು ಎಂಬ ವಿವರ ಹಳೆಯ ವೈದ್ಯಕೀಯ ಬರಹಗಳಲ್ಲಿದೆ. ವಿಷದ ಗುಣ ಗೊತ್ತಿದ್ದೂ ವಿಸ್ಕೋಸ್ ಉದ್ಯಮ ಅದನ್ನೇ ಟನ್ನುಗಟ್ಟಲೆ ಬಳಸತೊಡಗಿತು.

ಬ್ಲ್ಯಾಂಕ್ ಅವರ ಪುಸ್ತಕದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಯಂತ್ರಗಳ ವಲಸೆ. ದಕ್ಷಿಣ ಕೊರಿಯಾದ ವೊಂಜಿನ್ ರೇಯಾನ್ ಕಾರ್ಖಾನೆ 1960ರ ದಶಕದಲ್ಲಿ ಜಪಾನಿನಿಂದ ಬಳಸಿದ ಯಂತ್ರಗಳನ್ನು ತರಿಸಿಕೊಂಡಿತು. ನೂರಾರು ಕಾರ್ಮಿಕರು ಕಾಯಿಲೆಬಿದ್ದು, ದೊಡ್ಡ ಹೋರಾಟ ನಡೆದು, 1993ರಲ್ಲಿ ಅದು ಮುಚ್ಚಿತು. ಯಂತ್ರಗಳು ಗುಜರಿಗೆ ಹೋಗಲಿಲ್ಲ, ಚೀನಾಕ್ಕೆ ಮಾರಾಟವಾದವು. ಒಂದು ದೇಶದ ಜನ ಎಚ್ಚೆತ್ತಾಗ ವಿಷ ಇನ್ನೊಂದು ದೇಶದ ಬಡವರ ಬಾಗಿಲಿಗೆ ಗಂಟು ಕಟ್ಟಿಕೊಂಡು ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದ ಪುಟಗಳೂ ಹಾಗೆಯೇ. ಫ್ರಾನ್ಸಿನ ಕಲಾ ಇತಿಹಾಸಕಾರ್ತಿ, ನಾಜಿ ವಿರೋಧಿ ಹೋರಾಟಗಾರ್ತಿ ಆಗ್ನೆಸ್ ಅಂಬೇರ್ ಅವರನ್ನು ಜರ್ಮನಿಯ ಕ್ರೆಫೆಲ್ಡ್‌ನ ರೇಯಾನ್ ಕಾರ್ಖಾನೆಯಲ್ಲಿ ಗುಲಾಮಳಂತೆ ದುಡಿಸಲಾಯಿತು. ಆವಿಗೆ ಕಣ್ಣು ಕಾಣದಾದ ದಿನಗಳ ಬಗ್ಗೆ ಆಕೆ ಬರೆದುಕೊಂಡಿದ್ದಾರೆ. 1968ರಲ್ಲಿ ಬ್ರಿಟನ್ನಿನ ಸಂಶೋಧಕರು ವಿಸ್ಕೋಸ್ ಕಾರ್ಮಿಕರಲ್ಲಿ ಹೃದ್ರೋಗದ ಸಾವು ಹೆಚ್ಚು ಎಂದು ತೋರಿಸಿದ್ದನ್ನು ಸೇರಿಸಿಕೊಂಡರೆ, ಮೆದುಳು, ಕಣ್ಣು, ಹೃದಯ ಮೂರೂ ಈ ಒಂದು ಎಳೆಗೆ ಸುಂಕ ಕಟ್ಟಿವೆ ಎಂದಾಯಿತು.

ಪುಸ್ತಕದ ಬಗ್ಗೆ ನಮಗೊಂದು ಆಕ್ಷೇಪಣೆಯಿದೆ. ವೈದ್ಯರಾದ್ದರಿಂದ ಬ್ಲ್ಯಾಂಕ್ ಅವರ ಗಮನ ಹೆಚ್ಚಾಗಿ ಕಾರ್ಖಾನೆಯ ಒಳಗೆ, ಯಂತ್ರದ ಎದುರು ನಿಂತವನ ದೇಹದ ಮೇಲಿದೆ. ಗೇಟಿನಾಚೆಯ ಊರು, ಮೀನು, ಗದ್ದೆ, ಕುಡಿಯುವ ನೀರು ಆ ದೇಹದಷ್ಟು ಹತ್ತಿರದಿಂದ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ನಾವು ಕೇರಳಕ್ಕೆ ಹೋಗಬೇಕು.

ಕೋಳಿಕ್ಕೋಡ್ ಜಿಲ್ಲೆಯ ಮಾವೂರಿನಲ್ಲಿ, ಚಾಲಿಯಾರ್ ನದಿಯ ದಂಡೆಯ ಮೇಲೆ, ಬಿರ್ಲಾ ಮನೆತನದ ಗ್ವಾಲಿಯರ್ ರೇಯಾನ್ಸ್ 1963ರಲ್ಲಿ ತಿರುಳಿನ ಕಾರ್ಖಾನೆ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಎಳೆಯ ಘಟಕವೂ ಬಂತು. ಕಚ್ಚಾವಸ್ತು ಯಾವುದು? ಕೇರಳದ ಕಾಡುಗಳ ಬಿದಿರು. ಸರ್ಕಾರ ಅದನ್ನು ಟನ್ನಿಗೆ 1 ರೂಪಾಯಿಯಂತೆ ಕೊಡಲು ಒಪ್ಪಿತ್ತು. ಕಾಗದದ ಮೇಲೆ ಸೊನ್ನೆ ಬಿಟ್ಟುಹೋಗಿಲ್ಲ, ಟನ್ನಿಗೆ ಒಂದೇ ರೂಪಾಯಿ. ಅಂದರೆ ಇಂದು ಹೊಸ ಆವಿಷ್ಕಾರವೆಂದು ಮಾರುತ್ತಿರುವ ‘ಬಿದಿರು ಬಟ್ಟೆ’ಯ ಎಳೆ ನಮ್ಮ ನೆರೆಯ ರಾಜ್ಯದಲ್ಲಿ 1960ರ ದಶಕದಲ್ಲಿಯೇ ತಯಾರಾಗುತ್ತಿತ್ತು. ಆಗ ಅದಕ್ಕೆ ಆ ಹೆಸರಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಬಿದಿರಿಗೆ ಆಗಿನ್ನೂ ಮಾರುಕಟ್ಟೆಯಲ್ಲಿ ಪುಣ್ಯದ ಬೆಲೆ ಬಂದಿರಲಿಲ್ಲ.

ನದಿಯ ನೀರು ಕಪ್ಪಾಯಿತು, ಮೀನುಗಳು ಸತ್ತು ತೇಲಿದವು, ದುರ್ನಾತ ಎರಡೂ ದಂಡೆಗಳ ಊರುಗಳನ್ನು ಆವರಿಸಿತು. ನದಿಯಾಚೆ ಮಲಪ್ಪುರಂ ಜಿಲ್ಲೆಗೆ ಸೇರಿದ ವಾಳಕ್ಕಾಡ್ ಪಂಚಾಯತಿಯ ಅಧ್ಯಕ್ಷರಾಗಿದ್ದ ಕೆ.ಎ. ರಹಮಾನ್ ಈ ಜನರ ಮುಂದಾಳು. ದಶಕಗಳ ಕಾಲ ಅವರು ಅರ್ಜಿ ಬರೆದರು, ಮೆರವಣಿಗೆ ನಡೆಸಿದರು, ಉಪವಾಸ ಕೂತರು. ನಮ್ಮಲ್ಲಿ ಮುಸ್ಲಿಂ ನಾಯಕತ್ವ ಎಂದರೆ ಮಸೀದಿ, ಮದ್ರಸ, ಮೀಸಲಾತಿ ಎಂಬಷ್ಟಕ್ಕೇ ಚಿತ್ರ ಮುಗಿದುಹೋಗುತ್ತದೆ. ನದಿಗಾಗಿ ಬದುಕು ತೇದ ಈ ಮನುಷ್ಯನ ಹೆಸರು ಕನ್ನಡದ ಎಷ್ಟು ಓದುಗರಿಗೆ ಗೊತ್ತಿದೆ? ರಹಮಾನ್ 1999ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಒಬ್ಬ ಮನುಷ್ಯನ ಕ್ಯಾನ್ಸರಿಗೆ ಇದೇ ಕಾರಣವೆಂದು ಬೆರಳು ಮಾಡಿ ತೋರಿಸುವುದು ವೈದ್ಯರಿಗೂ ಕಷ್ಟ. ಆದರೆ ಊರಿನಲ್ಲಿ ಆ ಕಾಯಿಲೆ ಹೆಚ್ಚುತ್ತಿದೆ ಎಂದು ಬಹುಕಾಲದಿಂದ ಕೂಗುತ್ತಿದ್ದವರೇ ಅದಕ್ಕೆ ಬಲಿಯಾದಾಗ ಜನ ಸುಮ್ಮನೆ ಕೂರಲಿಲ್ಲ. ಹೋರಾಟ ಬಿರುಸಾಯಿತು. ಅದೇ ವರ್ಷ ಉತ್ಪಾದನೆ ನಿಂತಿತು, 2001ರಲ್ಲಿ ಕಾರ್ಖಾನೆ ಶಾಶ್ವತವಾಗಿ ಮುಚ್ಚಿತು. ಪಿ. ಬಾಬುರಾಜ್ ಮತ್ತು ಸಿ. ಶರತ್ಚಂದ್ರನ್ ಚಾಲಿಯಾರಿನ ಈ ಕೊನೆಯ ಹೋರಾಟದ ಬಗ್ಗೆ ಸಾಕ್ಷ್ಯಚಿತ್ರವನ್ನೂ ಮಾಡಿದ್ದಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಮಾವೂರಿಗೆ ಅನ್ಯಾಯ ಮಾಡಿದಂತಾಗುತ್ತದೆ. 1985ರಲ್ಲಿ ಕಾರ್ಮಿಕ ವಿವಾದದಿಂದ ಇದೇ ಕಾರ್ಖಾನೆ ಬಾಗಿಲು ಹಾಕಿದಾಗ ಸಾವಿರಾರು ಮನೆಗಳ ಒಲೆ ತಣ್ಣಗಾಯಿತು. ಹಲವು ಕಾರ್ಮಿಕರು ಆತ್ಮಹತ್ಯೆ ಮಾಡಿಕೊಂಡರು. ‘ಗ್ರೋ’ ಎಂಬ ಕಾರ್ಮಿಕ ಸಂಘದ ನಾಯಕ ವಾಸು ಕಾರ್ಖಾನೆ ತೆರೆಯಬೇಕೆಂದು ಉಪವಾಸ ಕೂತರು. ಕೇರಳ ಅವರನ್ನು ಇಂದಿಗೂ ‘ಗ್ರೋ ವಾಸು’ ಎಂದೇ ಕರೆಯುತ್ತದೆ. 1988ರಲ್ಲಿ ಕಾರ್ಖಾನೆ ಮತ್ತೆ ಶುರುವಾಯಿತು. ತೆರೆಯಿರಿ ಎಂದು ಉಪವಾಸ ಮಾಡಿದವನೂ ಮುಚ್ಚಿರಿ ಎಂದು ಉಪವಾಸ ಮಾಡಿದವನೂ ಇಬ್ಬರೂ ಬಡವರ ಪರವೇ. ಕಂಪನಿ ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ತಾನು ನಡುವೆ ತಣ್ಣಗಿತ್ತು. ಕತೆಗಾರರಾದ ನಮಗೆ ಈ ಪ್ರಸಂಗದ ಮುಂದೆ ತೀರ್ಪು ಕೊಡುವ ಧೈರ್ಯ ಬರುವುದಿಲ್ಲ. ಫ್ಯಾಷನ್ ಪತ್ರಿಕೆಗಳ ‘ಸುಸ್ಥಿರತೆ’ಯ ಪುಟಗಳಲ್ಲಿ ಮಾತ್ರ ಇಂಥ ಇಕ್ಕಟ್ಟುಗಳೇ ಇಲ್ಲ. ಅಲ್ಲಿ ಒಂದು ಅಂಗಿ ಬಿಟ್ಟು ಇನ್ನೊಂದು ಅಂಗಿ ಕೊಂಡರೆ ಸಾಕು, ಭೂಮಿ ಉಳಿಯುತ್ತದೆ.

ಎರಡನೆಯ ನದಿ ನಮ್ಮದೇ ತುಂಗಭದ್ರೆ. ಹರಿಹರದ ಎದುರು ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಅದೇ ಸಮೂಹದ ಹರಿಹರ ಪಾಲಿಫೈಬರ್ಸ್ 1972ರಲ್ಲಿ ರೇಯಾನ್ ತಿರುಳು ತಯಾರಿಸತೊಡಗಿತು. ಇಲ್ಲಿ ಬಿದಿರಿನ ಜಾಗದಲ್ಲಿ ಮುಖ್ಯವಾಗಿ ನೀಲಗಿರಿ. 1980ರ ದಶಕದಲ್ಲಿ ಕೆಳದಂಡೆಯ ಹಳ್ಳಿಗಳ ಜನ ಸತ್ತ ಮೀನು, ಕೆಟ್ಟ ನೀರು, ಮೈ ತುರಿಕೆಯ ದೂರು ಹಿಡಿದು ಬೀದಿಗಿಳಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು. ನದಿಯ ಜಗಳ ಅಲ್ಲಿಗೇ ನಿಲ್ಲದೆ ನೆಲಕ್ಕೂ ಹಬ್ಬಿತು. 1984ರಲ್ಲಿ ರಾಜ್ಯ ಸರ್ಕಾರವೂ ಈ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಸುಮಾರು 75,000 ಎಕರೆ ಗೋಮಾಳ, ಕಿರುಕಾಡುಗಳನ್ನು ಅದಕ್ಕೆ ಒಪ್ಪಿಸಿ ನೀಲಗಿರಿ ಬೆಳೆಸುವುದು ಯೋಜನೆ. ಸೌದೆ, ಮೇವು, ಸೊಪ್ಪು, ಕೌದಿ ಒಣಹಾಕುವ ಬಯಲು, ಕುರಿ ಕಾಯುವ ಅಡವಿ ಎಲ್ಲವೂ ಒಂದು ಬಗೆಯ ಎಳೆಗಾಗಿ ಬೇಲಿಯೊಳಗೆ ಸೇರಿತು.

1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೆರೆದು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಎಂದು ಅದು ಚರಿತ್ರೆಗೆ ಸೇರಿದೆ. ಧಾರವಾಡದ ಕಡೆಯ ಆಡುಮಾತು ಚಳವಳಿಗೆ ಕೊಟ್ಟ ಈ ಹೆಸರಿನಷ್ಟು ಸೊಗಸಾದದ್ದು ನಮ್ಮ ಪರಿಸರ ಸಾಹಿತ್ಯದಲ್ಲಿ ಕಡಿಮೆ. ಸುಪ್ರೀಂ ಕೋರ್ಟಿನಲ್ಲಿ ಇದೇ ಜಮೀನಿಗಾಗಿ ಅರ್ಜಿ ಹಾಕಿದವರಲ್ಲಿ ಶಿವರಾಮ ಕಾರಂತರಿದ್ದರು. ಎಂಬತ್ತು ದಾಟಿದ ಕಾದಂಬರಿಕಾರ ಗೋಮಾಳದ ಪರವಾಗಿ ಕಟಕಟೆ ಹತ್ತಿದರು. ಕೋರ್ಟು ತಡೆಯಾಜ್ಞೆ ಕೊಟ್ಟಿತು, 1991ರಲ್ಲಿ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಈ ಹೋರಾಟವನ್ನು ನಾವು ಪರಿಸರದ ಅಧ್ಯಾಯದಲ್ಲಿ, ಅರಣ್ಯದ ಅಧ್ಯಾಯದಲ್ಲಿ ಓದುತ್ತೇವೆ. ಅದು ಬಟ್ಟೆಯ ಜಗಳ ಎಂದು ಹೇಳುವವರು ಕಡಿಮೆ. ಕುಸನೂರಿನಲ್ಲಿ ಕಿತ್ತ ಸಸಿಗಳು ಬೆಳೆದಿದ್ದರೆ ಅಂಗಿ, ಸೀರೆ, ದುಪಟ್ಟಾ ಆಗುತ್ತಿದ್ದವು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ‘ಮರಮೂಲದ, ನವೀಕರಿಸಬಹುದಾದ, ಪರಿಸರ ಸ್ನೇಹಿ’ ಬಟ್ಟೆ.

ಕಾಲ ಅಲ್ಲೇ ನಿಂತಿಲ್ಲ ಎಂಬುದನ್ನೂ ಒಪ್ಪಬೇಕು. ಲಯೊಸೆಲ್ ಎಂಬ ಇನ್ನೊಂದು ವಿಧಾನದಲ್ಲಿ ಕಾರ್ಬನ್ ಡೈಸಲ್ಫೈಡಿಗೆ ಕೆಲಸವೇ ಇಲ್ಲ. ಅಲ್ಲಿ ಬಳಸುವ ದ್ರಾವಕವನ್ನು ಶೇ. 99ಕ್ಕೂ ಹೆಚ್ಚು ಮರಳಿ ಹಿಡಿದು ಮತ್ತೆ ಬಳಸುತ್ತಾರೆ. ಆಸ್ಟ್ರಿಯಾದ ಲೆನ್ಜಿಂಗ್ ಕಂಪನಿ ಅದನ್ನು ಟೆನ್ಸೆಲ್ ಎಂದು ಮಾರುತ್ತದೆ. ಇದು ನಿಜವಾದ ಸುಧಾರಣೆ. ವಿಸ್ಕೋಸಿನವರೂ ಸುಮ್ಮನಿಲ್ಲ. ಕಾಡಿನ ಮರ ಎಲ್ಲಿಂದ ಬರುತ್ತದೆ ಎಂದು ಪರಿಶೀಲಿಸುವ ಕೆನಡಾದ ಕ್ಯಾನೊಪಿ ಸಂಸ್ಥೆಯ 2020ರ ಪಟ್ಟಿಯಲ್ಲಿ ಬಿರ್ಲಾ ಸೆಲ್ಯುಲೋಸ್ ಮೊದಲ ಸ್ಥಾನ ಪಡೆಯಿತು. ಅದಕ್ಕೆ ಎರಡು ವರ್ಷ ಮೊದಲು, 2018ರಲ್ಲಿ, ಚೇಂಜಿಂಗ್ ಮಾರ್ಕೆಟ್ಸ್ ಎಂಬ ಸಂಸ್ಥೆ ಮಧ್ಯಪ್ರದೇಶದ ನಾಗ್ದಾದಲ್ಲಿರುವ ಇದೇ ಸಮೂಹದ ಕಾರ್ಖಾನೆಯ ಸುತ್ತಲ ಮಾಲಿನ್ಯದ ಬಗ್ಗೆ ಕಟುವಾದ ವರದಿ ಹೊರತಂದಿತ್ತು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಮರಕ್ಕೆ ಕೊಟ್ಟ ಪ್ರಮಾಣಪತ್ರ ನದಿಗೆ ಕೊಟ್ಟದ್ದಾಗುವುದಿಲ್ಲ.

ಹಾಗಾದರೆ ಹತ್ತಿಗೆ ಮರಳೋಣವೇ? ಹತ್ತಿಯೂ ಪೀರನಲ್ಲ. ಜಗತ್ತಿನ ಸಾವಯವ ಹತ್ತಿ ಪ್ರಮಾಣೀಕರಣದ ದೊಡ್ಡ ಸಂಸ್ಥೆಗಳಲ್ಲೊಂದಾದ ಗಾಟ್ಸ್ 2020ರ ಅಕ್ಟೋಬರಿನಲ್ಲಿ ಒಂದು ಗುಟ್ಟು ರಟ್ಟು ಮಾಡಿತು. ಭಾರತದಲ್ಲಿ ಸುಮಾರು 20,000 ಟನ್ ಹತ್ತಿಗೆ ಸುಳ್ಳು ಸಾವಯವ ದಾಖಲೆ ಸೃಷ್ಟಿಸಲಾಗಿತ್ತು. ಪಾಲಿಯೆಸ್ಟರಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಪೆಟ್ರೋಲಿಯಂನಿಂದ ಹುಟ್ಟಿ, ಪ್ರತಿ ಒಗೆತದಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಎಳೆ ಉದುರಿಸುವ ಅದು ಇಂದು ಜಗತ್ತಿನ ಒಟ್ಟು ನಾರಿನ ಅರ್ಧಕ್ಕೂ ಹೆಚ್ಚು. ನಮ್ಮ ಹೆಣ್ಣುಮಕ್ಕಳ ಬುರ್ಖಾಗಳಲ್ಲಿ ಹೆಚ್ಚಿನವು ಅದರವೇ.

ಬುರ್ಖಾದ ಮಾತು ಬಂತು, ಹಿಜಾಬಿನದೂ ಬರಲಿ. ರಮಝಾನಿನ ಮಾರುಕಟ್ಟೆಯಲ್ಲಿ ಈಗ ‘ಮೋಡಾಲ್ ಹಿಜಾಬ್’, ‘ಬಿದಿರು ಹಿಜಾಬ್’ ಎಂಬ ತಳಿಗಳು ಬಂದಿವೆ. ಉಸಿರಾಡುವ ಬಟ್ಟೆ, ಪ್ರಕೃತಿಗೆ ಹತ್ತಿರ, ಹಯಾಗೂ ಹತ್ತಿರ ಎಂಬ ಜಾಹೀರಾತು. ಮೋಡಾಲ್ ಎಂಬುದು ಬೀಚ್ ಮರದ ತಿರುಳಿನಿಂದ ಮಾಡುವ ಸುಧಾರಿತ ವಿಸ್ಕೋಸ್, ಬಹುಪಾಲು ಅದೇ ಕಾರ್ಬನ್ ಡೈಸಲ್ಫೈಡಿನ ಮಗಳು. 2022ರಲ್ಲಿ ನಮ್ಮ ರಾಜ್ಯದ ತರಗತಿಗಳ ಬಾಗಿಲಲ್ಲಿ ಹಿಜಾಬಿನ ಬಗ್ಗೆ ಎಷ್ಟೊಂದು ಮಾತು ನಡೆಯಿತು. ತಲೆಯ ಮೇಲಿರಬೇಕೆಂದವರೂ ಇರಬಾರದೆಂದವರೂ ಅದನ್ನು ಸಂಕೇತವಾಗಿ ಕಂಡರು, ಬಟ್ಟೆಯಾಗಿ ಯಾರೂ ಕಾಣಲಿಲ್ಲ. ಬೇಸಿಗೆಯಲ್ಲಿ ಅದರೊಳಗೆ ಬೆವರುವ ಹುಡುಗಿಗೆ ಮಾತ್ರ ಅದು ಮೊದಲು ಬಟ್ಟೆ. ತಂಪಾದ, ಮೆತ್ತನೆಯ ಬಟ್ಟೆ ಅವಳು ಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಅವಳಿಗೆ ಸುಳ್ಳು ಹೇಳಿ ಮಾರುವವರ ಮೇಲೆ ನಮ್ಮ ತಕರಾರು.

ಬಾಳಿಕೆಯ ಪ್ರಶ್ನೆಯನ್ನೂ ಮರೆಯುವಂತಿಲ್ಲ. ವಿಸ್ಕೋಸಿನ ಎಳೆ ಒದ್ದೆಯಾದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಕಲ್ಲಿನ ಮೇಲೆ ಬಡಿದು ಒಗೆಯುವ ಮನೆಗಳಲ್ಲಿ ಅದು ಎಷ್ಟು ದಿನ ಉಳಿದೀತು? ಹತ್ತಿಯ ಸೀರೆ ಹಾಗಲ್ಲ. ಉಟ್ಟು ಉಟ್ಟು ಮೆತ್ತಗಾದ ಮೇಲೆ ಉತ್ತರ ಕರ್ನಾಟಕದಲ್ಲಿ ಅದು ಕೌದಿಯೊಳಕ್ಕೆ ಹೋಗಿ ಇನ್ನಷ್ಟು ವರ್ಷ ಬಾಳುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು, ಅವರಲ್ಲಿ ಮುಸ್ಲಿಮರೂ ಕ್ರೈಸ್ತರೂ ಹಿಂದೂಗಳೂ ಇದ್ದಾರೆ, ಹರಕುಗಳನ್ನು ಅಂಚಿನಿಂದ ನಡುವಿನ ಕಡೆಗೆ ಜೋಡಿಸುತ್ತ ಹೊಲಿಯುವ ಕೌದಿಗಳು ಇಂದು ನಗರದ ಪ್ರದರ್ಶನಗಳಲ್ಲಿ ಕಲೆಯಾಗಿ ತೂಗುತ್ತಿವೆ. ಅವರಿಗೆ ನಾಲ್ಕು ಕಾಸು ಸಿಕ್ಕರೆ ನಮಗೂ ಸಂತೋಷ. ಆದರೆ ಬಡತನದ ಜಾಣ್ಮೆಯನ್ನು ಗೋಡೆಗೆ ತೂಗಿಹಾಕಿ ‘ಸುಸ್ಥಿರ’ ಎಂದು ಮೆಚ್ಚುವ ಕೈಗಳೇ ತಿಂಗಳಿಗೆ ನಾಲ್ಕು ಹೊಸ ‘ಪರಿಸರ ಸ್ನೇಹಿ’ ಅಂಗಿ ತರಿಸಿಕೊಳ್ಳುತ್ತಿದ್ದರೆ ಲೆಕ್ಕ ಎಲ್ಲಿ ಕೂಡುತ್ತದೆ?

ಭಾರತದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹಸಿರು ಸುಳ್ಳುಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ‘ಪರಿಸರ ಸ್ನೇಹಿ’, ‘ಹಸಿರು’ ಮುಂತಾದ ಪದಗಳನ್ನು ಸಾಕ್ಷ್ಯ ಮತ್ತು ವಿವರಣೆಯಿಲ್ಲದೆ ಜಾಹೀರಾತಿನಲ್ಲಿ ಬಳಸುವಂತಿಲ್ಲ ಎನ್ನುತ್ತದೆ ಅದು. ಇದನ್ನು ನಾವು ಸ್ವಾಗತಿಸಬೇಕು, ಬಳಸಿಕೊಳ್ಳಲೂ ಬೇಕು. ಬಿದಿರು ಎಂದು ಬರೆದ ಬನಿಯನ್ನಿನ ಒಳಮಗ್ಗುಲಿನ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ‘ವಿಸ್ಕೋಸ್’ ಎಂದಿದೆಯೇ ಎಂದು ನೋಡಿ ಅಂಗಡಿಯವನನ್ನು ಕೇಳುವುದಕ್ಕೆ ಯಾವ ಪಾಂಡಿತ್ಯವೂ ಬೇಡ. ಆದರೆ ಈ ಮಾರ್ಗಸೂಚಿ ಗ್ರಾಹಕ ರಕ್ಷಣಾ ಕಾಯ್ದೆಯ ಕೂಸು. ದುಡ್ಡು ಕೊಟ್ಟು ಬಟ್ಟೆ ಕೊಂಡವರು ಮೋಸಹೋಗದಂತೆ ನೋಡಿಕೊಳ್ಳುವುದು ಅದರ ಕೆಲಸ. ವಾಳಕ್ಕಾಡಿನ ಮೀನುಗಾರನಾಗಲಿ ಕುಸನೂರಿನ ಕುರಿಗಾಹಿಯಾಗಲಿ ಆ ಎಳೆಯ ಗ್ರಾಹಕರಾಗಿರಲಿಲ್ಲ. ಅವರ ದೂರು ಬರೆದುಕೊಳ್ಳುವ ಕಾಲಂ ಇನ್ನೂ ಯಾವ ಲೇಬಲ್ಲಿನಲ್ಲೂ ಬಂದಿಲ್ಲ.